ಬಾಕ್ಸಿನ ಭಾರ

ಸುಗ್ಗಿ ಬಂತೆಂದರೆ ಕೋಲಾರದ ವೇಮಗಲ್ ಸುತ್ತಿನ ಟೊಮೆಟೊ ತೋಟಗಳ ಅಂಚಿನಲ್ಲಿ ಪ್ಲಾಸ್ಟಿಕ್ ಬಾಕ್ಸುಗಳ ಗೋಡೆ ಏಳುತ್ತದೆ. ಕಡ್ಡಿ ನೆಟ್ಟು ದಾರ ಕಟ್ಟಿದ ಸಾಲುಗಳ ನಡುವಿನಿಂದ ಹೆಂಗಸರು ಬರುತ್ತಾರೆ, ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ತುಂಬಿದ ಬಾಕ್ಸು. ಅವರ ಬೆನ್ನು ನೆಟ್ಟಗಿದೆ. ಭಾರ ಬೆನ್ನೆಲುಬಿನ ನೇರಕ್ಕೇ ಇಳಿಯುವುದರಿಂದ ಕತ್ತು ನೊಂದರೂ ಸೊಂಟ ಅಷ್ಟಾಗಿ ಹಿಡಿಯದು. ಸೊಂಟದ ಪಾಡು ಶುರುವಾಗುವುದು ಬಾಕ್ಸು ನೆಲ ಮುಟ್ಟಿದ ಮೇಲೆ.

ಪಿಕಪ್ ಗಾಡಿ ಹಿಂದಕ್ಕೆ ಸರಿದು ನಿಲ್ಲುತ್ತದೆ. ಕೆಳಗಿಬ್ಬರು, ಮೇಲಿಬ್ಬರು. ಕೆಳಗಿನವನು ಮಂಡಿ ಮಡಚುವುದಿಲ್ಲ. ನಡುವಿನಿಂದಲೇ ಬಾಗಿ, ಬಾಕ್ಸಿನ ಎರಡೂ ಬದಿ ಹಿಡಿದು, ಏಳುತ್ತಲೇ ಎಡಕ್ಕೆ ತಿರುಗಿ, ಗಾಡಿಯ ಹಲಗೆ ಮೇಲೆ ದಬ್ಬುತ್ತಾನೆ. ಆ ‘ಏಳುತ್ತಲೇ ತಿರುಗುವುದು’ ಇದೆಯಲ್ಲ, ಅಲ್ಲೇ ಇರುವುದು ಕೇಡು. ಕೂತು ಎತ್ತಿ, ನಿಂತು, ಹೆಜ್ಜೆ ಬದಲಿಸಿ ತಿರುಗಿದರೆ ಒಳ್ಳೆಯದೆಂದು ಹೇಳುವುದು ಸುಲಭ. ಕೂಲಿ ಬಾಕ್ಸಿಗಿಷ್ಟು ಎಂದಿರುವಾಗ ಅಷ್ಟು ಹೊತ್ತು ಯಾರಿಗಿದೆ?

ಬಾಕ್ಸಿನಲ್ಲಿರುವುದು 15 ಕೆ.ಜಿ. ಹಣ್ಣು. ಸಿಮೆಂಟು ಮೂಟೆಯ 50 ಕೆ.ಜಿ. ಮುಂದೆ ಇದೆಂಥ ಭಾರ ಅನ್ನಿಸಬಹುದು. ಆದರೆ ಕೈ ಚಾಚಿ ಹಿಡಿದ ಭಾರ ಸೊಂಟದ ಮೇಲೆ ಹಲವು ಪಟ್ಟಾಗಿ ಕೂರುತ್ತದೆ. ಬಾಗಿದಾಗ ಎದೆ, ತಲೆ, ತೋಳುಗಳ ತೂಕವೂ ಅದಕ್ಕೆ ಸೇರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ‘ನಿಯೋಶ್’ನ ಸೂತ್ರದ ಪ್ರಕಾರ ಎಲ್ಲ ಅನುಕೂಲವಿದ್ದಾಗ ಎತ್ತಬಹುದಾದ ಮಿತಿ 23 ಕೆ.ಜಿ. ನೆಲದಿಂದ, ಕೈ ಮುಂದೆ ಚಾಚಿ, ಅರೆ ತಿರುಗಿ ಎತ್ತುವುದಾದರೆ ಅದೇ ಲೆಕ್ಕ 10 ಕೆ.ಜಿ.ಯ ಆಸುಪಾಸಿಗೆ ಇಳಿಯುತ್ತದೆ. ನಿಮಿಷಕ್ಕೆ ಏಳೆಂಟು ಬಾಕ್ಸು ಎಂದರೆ ಇನ್ನೂ ಕೆಳಗೆ. ಒಂದು ಗಾಡಿಗೆ 150 ಬಾಕ್ಸು ಹಿಡಿದರೆ ಎರಡೂಕಾಲು ಟನ್ ಹಣ್ಣು. ಕೋಲಾರದ ಎಪಿಎಂಸಿಯಲ್ಲಿ ಅಷ್ಟನ್ನೂ ಇಳಿಸಬೇಕು, ಹರಾಜಾದ ಮೇಲೆ ದೂರದೂರಿನ ಲಾರಿಗಳಿಗೆ ಮತ್ತೆ ಏರಿಸಬೇಕು. 2023ರ ಜುಲೈನಲ್ಲಿ ಇದೇ ಬಾಕ್ಸು 2,000 ರೂಪಾಯಿ ದಾಟಿದಾಗ ದೇಶವೆಲ್ಲ ಕೋಲಾರದ ಕಡೆ ನೋಡಿತ್ತು, ನೋಡಿದ್ದು ಹಣ್ಣನ್ನು.

ಬೆಳಗಿನ ಹೊತ್ತು ಇನ್ನೂ ನಾಜೂಕು. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಾಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಮಾರುಕಟ್ಟೆಯ ಕೆಲಸಕ್ಕೆ ಜನ ಏಳುವುದೇ ಬಾಗುವುದಕ್ಕೆ.

“ಸೊಂಟ ಹಿಡ್ಕೊಂಡದೆ ಕಣಣ್ಣಾ” ಎಂದು ಒಬ್ಬ ಗಾಡಿಗೆ ಒರಗುತ್ತಾನೆ. ಕೂಡಲೇ ನಾಲ್ಕು ದಿಕ್ಕಿನಿಂದ ಮದ್ದು. ಎಣ್ಣೆ ಹಚ್ಚಿ ನೀವಿಸು ಅನ್ನುವವನೊಬ್ಬ. ಕಾಲು ಮುಂದಾಗಿ ಹುಟ್ಟಿದವರ ಕೈಲಿ, ಅಲ್ಲಲ್ಲ, ಕಾಲಲ್ಲಿ ಒದೆಸಿಕೋ ಅನ್ನುವವನೊಬ್ಬ. ಮೆಡಿಕಲ್ ಶಾಪಿನ ಮಾತ್ರೆಯಂತೂ ಎಲ್ಲರ ಜೇಬಿನಲ್ಲಿದೆ. ಬರೀ ಸ್ನಾಯು ಉಳುಕಿದ್ದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಹಾಸಿಗೆ ಹಿಡಿದು ಬಿದ್ದಿರುವುದಕ್ಕಿಂತ ಅಷ್ಟಿಷ್ಟು ಓಡಾಡುವುದು ಮೇಲು. ಕಾಲು ಜೋಮು ಹಿಡಿದು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ನೀವಿಸುತ್ತ ಕೂರಬಾರದು, ಆಸ್ಪತ್ರೆಗೇ ಹೋಗಬೇಕು.

ಇಲ್ಲಿಂದ ತುಸು ದೂರದಲ್ಲಿ ವೇಮಗಲ್ ಕೈಗಾರಿಕಾ ಪ್ರದೇಶ. 2024ರಲ್ಲಿ ಬಾನಿಗೇರಿದ ಟೀಸ್ಯಾಟ್-1ಎ ಉಪಗ್ರಹವನ್ನು ಜೋಡಿಸಿದ್ದು ಅಲ್ಲೇ. ಅಪಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ ಬರೆದಿಟ್ಟದ್ದೂ ಅಂಥ ಗೇಟುಗಳ ಒಳಗಿನವರಿಗೆ. ತೋಟದ ಅಂಚು ಕಾರ್ಖಾನೆಯಲ್ಲ. ಇಲ್ಲಿ ಸೊಂಟದೆತ್ತರದ ಒಂದು ಕಟ್ಟೆ ಇದ್ದಿದ್ದರೂ ಸಾಕಿತ್ತು. ಹೆಂಗಸರು ಬಾಕ್ಸನ್ನು ಅದರ ಮೇಲೇ ಇಳಿಸಿದರೆ ಗಂಡಸರು ನೆಲಕ್ಕೆ ಬಾಗಬೇಕಿಲ್ಲ.

ಸೊಂಟ ಹಿಡಿದವನನ್ನು ಮೇಸ್ತ್ರಿ ಲೆಕ್ಕ ಬರೆಯಲು ಕೂರಿಸಿದ್ದಾನೆ. ಕೂಲಿಯಲ್ಲಿ ಪಾಲು ಎಲ್ಲರಷ್ಟೇ. “ನಾಳೆ ನಿಂಗೂ ಹಿಡೀತದೆ, ಆಗ ನಾನು ಎತ್ತೀನಿ ಬಿಡು” ಅನ್ನುತ್ತ ಅವನು ನೂರಾ ಹನ್ನೆರಡನೆಯ ಬಾಕ್ಸಿಗೆ ಗೀಟು ಹಾಕುತ್ತಾನೆ.