ನಿಮಗಿದು ಗೊತ್ತೇ? ಫೈನಲ್ ಆಡದೆಯೇ ಕಪ್ ಗೆದ್ದ ದೇಶ!

1974ರ ಡೇವಿಸ್ ಕಪ್ ಟೆನಿಸ್ ಗೆದ್ದದ್ದು ಯಾರು? ದಕ್ಷಿಣ ಆಫ್ರಿಕ. ಫೈನಲ್‌ನಲ್ಲಿ ಸೋತದ್ದು ಯಾರು? ಯಾರೂ ಇಲ್ಲ! ಫೈನಲ್ಲೇ ನಡೆಯಲಿಲ್ಲ. ಎದುರಾಳಿ ಭಾರತ. ಕರಿಯರನ್ನು ತುಳಿಯುವ ವರ್ಣಭೇದ ಸರ್ಕಾರದ ತಂಡದ ಜೊತೆ ಆಡುವುದೇ ಇಲ್ಲ ಎಂದು ನಾವು ಹಿಂದೆ ಸರಿದೆವು. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಆಗ ಒಳ್ಳೇ ಫಾರ್ಮ್‌ನಲ್ಲಿದ್ದರು. ಬಲಿಷ್ಠ ಆಸ್ಟ್ರೇಲಿಯವನ್ನೂ ಸೋವಿಯತ್ ಒಕ್ಕೂಟವನ್ನೂ ಮಣಿಸಿ ಬಂದ ತಂಡ ಅದು. ಕಪ್ ಕೈಗೆಟುಕುವಷ್ಟು ಹತ್ತಿರವಿತ್ತು. ಬಿಟ್ಟುಕೊಟ್ಟೆವು! ಭಾರತ ಆ ಕಪ್ಪನ್ನು ಇವತ್ತಿಗೂ ಒಮ್ಮೆಯೂ ಗೆದ್ದಿಲ್ಲ ಅನ್ನುವುದು ನೆನಪಾದರೆ ಕರುಳು ಚುರುಕ್ ಎನ್ನದೇ ಇರದು.

ದಕ್ಷಿಣ ಆಫ್ರಿಕದ ಜೊತೆ ವ್ಯಾಪಾರ ಬೇಡ ಎಂದ ಮೊಟ್ಟಮೊದಲ ದೇಶ ಯಾವುದು ಗೊತ್ತೇ? ಭಾರತವೇ! ಅದೂ 1946ರಲ್ಲಿ. ಅಂದರೆ ನಮಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ! ಅಲ್ಲಿನ ಭಾರತೀಯರು ಎಲ್ಲೆಂದರಲ್ಲಿ ಜಮೀನು ಕೊಳ್ಳದಂತೆ, ವಾಸ ಮಾಡದಂತೆ ಕಾನೂನು ತಂದದ್ದೇ ಇದಕ್ಕೆ ಕಾರಣ. ಆಗ ನಮ್ಮ ಒಟ್ಟು ರಫ್ತಿನಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಪಾಲು ಆ ದೇಶಕ್ಕೇ ಹೋಗುತ್ತಿತ್ತು. ಬಡ ದೇಶಕ್ಕೆ ಇದು ಸಣ್ಣ ನಷ್ಟವೇನಲ್ಲ.

ಅದೇ ವರ್ಷ ವಿಶ್ವಸಂಸ್ಥೆಯಲ್ಲಿ ವಿಜಯಲಕ್ಷ್ಮಿ ಪಂಡಿತ್ ಈ ವಿಷಯವನ್ನೆತ್ತಿ ದಕ್ಷಿಣ ಆಫ್ರಿಕದ ಪ್ರಧಾನಿ ಯಾನ್ ಸ್ಮಟ್ಸ್‌ಗೆ ನೀರಿಳಿಸಿದರು. ಈ ಸ್ಮಟ್ಸ್ ಯಾರು ಗೊತ್ತೇ? ಮಾನವ ಹಕ್ಕುಗಳ ಬಗ್ಗೆ ಘನವಾಗಿ ಮಾತಾಡುವ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯ ಮೊದಲ ಕರಡು ಬರೆದ ಮನುಷ್ಯ!

ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ತಾತನದೋ ದೊಡ್ಡಪ್ಪನದೋ ಪಾಸ್‌ಪೋರ್ಟ್ ಇದ್ದರೆ ತೆಗೆದು ನೋಡಿ. ಆ ಕಾಲದ ಭಾರತದ ಪಾಸ್‌ಪೋರ್ಟ್ ಹಿಡಿದು ದಕ್ಷಿಣ ಆಫ್ರಿಕಕ್ಕೆ ಹೋಗುವಂತಿರಲಿಲ್ಲ. ಹಾಗಂತ ಅದರೊಳಗೇ ಅಚ್ಚಾಗಿರುತ್ತಿತ್ತು!

ಈಗ ಐರ್ಲೆಂಡಿಗೆ ಬನ್ನಿ. ಈ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. 1984ರ ಜುಲೈ ತಿಂಗಳು. ಡಬ್ಲಿನ್ ನಗರದ ಹೆನ್ರಿ ಸ್ಟ್ರೀಟ್. ಡನ್ಸ್ ಸ್ಟೋರ್ಸ್ ಎಂಬ ಅಂಗಡಿ. ಕ್ಯಾಶ್ ಕೌಂಟರಿನಲ್ಲಿ 21 ವರ್ಷದ ಮೇರಿ ಮ್ಯಾನಿಂಗ್. ಗಿರಾಕಿಯೊಬ್ಬರು ಎರಡು ಗ್ರೇಪ್‌ಫ್ರೂಟ್ ತಂದಿಟ್ಟರು. ನಮ್ಮ ಚಕ್ಕೋತದ ಬಳಗದ ಹಣ್ಣು ಅದು. ಮೇಲೆ ದಕ್ಷಿಣ ಆಫ್ರಿಕದ ಔಟ್‌ಸ್ಪ್ಯಾನ್ ಗುರುತು. ಆ ದೇಶದ ಮಾಲು ಮುಟ್ಟಬೇಡಿ ಎಂದು ಕಾರ್ಮಿಕ ಸಂಘ ಹೇಳಿತ್ತು. ಮೇರಿ ಬಿಲ್ ಮಾಡಲಿಲ್ಲ. ಅಷ್ಟಕ್ಕೇ ಸಸ್ಪೆಂಡ್!

ಜೊತೆಗಾರರೂ ಕೆಲಸ ಬಿಟ್ಟು ಬೀದಿಗಿಳಿದರು. ಹನ್ನೊಂದೇ ಜನ, ಅದರಲ್ಲೂ ಬಹುಪಾಲು ಹರೆಯದ ಹೆಣ್ಣುಮಕ್ಕಳು. ತಮಾಷೆ ಕೇಳಿ: ವರ್ಣಭೇದ ಅಂದರೇನು ಅನ್ನುವುದೇ ಆಗ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ! ಡಬ್ಲಿನ್‌ನಲ್ಲೇ ಇದ್ದ ನಿಮ್ರಾಡ್ ಸೆಜಾಕೆ ಎಂಬ ದಕ್ಷಿಣ ಆಫ್ರಿಕದ ದೇಶಭ್ರಷ್ಟ ಹೋರಾಟಗಾರ ಬಂದು ಅವರ ಜೊತೆ ನಿಂತು ಪಾಠ ಹೇಳಿದರು. ಮುಷ್ಕರ ಎಷ್ಟು ದಿನ ನಡೆದಿರಬಹುದು, ಊಹಿಸಿ. ಒಂದು ವಾರ? ಒಂದು ತಿಂಗಳು? ಎರಡೂಮುಕ್ಕಾಲು ವರ್ಷ! ನಡುವೆ ಕಣ್ಣಾರೆ ನೋಡಿ ಬರೋಣ ಎಂದು ದಕ್ಷಿಣ ಆಫ್ರಿಕಕ್ಕೆ ಹಾರಿದರೆ, ಅಲ್ಲಿನ ಸರ್ಕಾರ ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳಿಸಿತು. ಕ್ಯಾಶ್ ಕೌಂಟರಿನ ಹುಡುಗಿಯರನ್ನು ಕಂಡರೆ ಒಂದು ಸರ್ಕಾರಕ್ಕೆ ಅಷ್ಟು ಭಯ! ಕೊನೆಗೆ 1987ರಲ್ಲಿ ಐರ್ಲೆಂಡ್ ದಕ್ಷಿಣ ಆಫ್ರಿಕದ ಹಣ್ಣು ತರಕಾರಿಗಳನ್ನೇ ನಿಷೇಧಿಸಿತು. ಜೈಲಿನಿಂದ ಹೊರಬಂದ ನೆಲ್ಸನ್ ಮಂಡೇಲಾ 1990ರಲ್ಲಿ ಡಬ್ಲಿನ್‌ಗೆ ಹೋದಾಗ ಈ ಮುಷ್ಕರದವರನ್ನು ಭೇಟಿಯಾದರು!

ವಿಮಾನ ಅಂದಾಗ ನೆನಪಾಯಿತು. 1963ರಲ್ಲಿ ಆಫ್ರಿಕದ ಹಲವು ದೇಶಗಳು 'ನಮ್ಮ ಆಕಾಶದಲ್ಲಿ ಹಾರಬೇಡಿ' ಎಂದುಬಿಟ್ಟವು. ಪಾಪ, ದಕ್ಷಿಣ ಆಫ್ರಿಕದ ವಿಮಾನಗಳು ಯೂರೋಪಿಗೆ ಹೋಗಲು ಇಡೀ ಖಂಡದ ಪಶ್ಚಿಮದ ಉಬ್ಬನ್ನು ಸಮುದ್ರದ ಮೇಲಿಂದಲೇ ಸುತ್ತಬೇಕಾಯಿತು. ಇಂಧನ ತುಂಬಿಸಿಕೊಳ್ಳಲು ಅಟ್ಲಾಂಟಿಕ್ ನಡುವಿನ ಪುಟ್ಟ ಸಾಲ್ ದ್ವೀಪವೇ ಗತಿ! ಆ ಸುತ್ತುದಾರಿಗೆಂದೇ ದೂರ ಹಾರುವ ಬೋಯಿಂಗ್ 747 ಎಸ್‌ಪಿ ವಿಮಾನಗಳನ್ನೂ ಕೊಂಡರು.

ದಕ್ಷಿಣ ಆಫ್ರಿಕದ ಕರಿಯರು ಸದಾ ಜೇಬಿನಲ್ಲಿ ಇಟ್ಟುಕೊಳ್ಳಲೇಬೇಕಾಗಿದ್ದ 'ಪಾಸ್' ಎಂಬ ಗುರುತಿನ ಪುಸ್ತಕಕ್ಕೆ ಫೋಟೊ ಹೇಗೆ ತೆಗೆಯುತ್ತಿದ್ದರು ಗೊತ್ತೇ? ಅಮೆರಿಕದ ಪೊಲರಾಯ್ಡ್ ಕ್ಯಾಮೆರಾದಲ್ಲಿ! ಕ್ಲಿಕ್ ಎಂದರೆ ಒಂದು ನಿಮಿಷದಲ್ಲಿ ಚಿತ್ರ ಕೈಯಲ್ಲಿ. 1970ರಲ್ಲಿ ಅದೇ ಕಂಪನಿಯ ನೌಕರರಾದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಕಣ್ಣಿಗೆ ಕಚೇರಿಯಲ್ಲೇ ಆ ದೇಶದ ಒಂದು ಮಾದರಿ ಗುರುತಿನ ಚೀಟಿ ಬಿತ್ತು. ಇಬ್ಬರೂ ತಮ್ಮ ಕಂಪನಿಯ ವಿರುದ್ಧವೇ ಬಹಿಷ್ಕಾರಕ್ಕೆ ಕರೆ ಕೊಟ್ಟರು! ಹಂಟರ್ ಕೆಲಸ ಹೋಯಿತು. ದಕ್ಷಿಣ ಆಫ್ರಿಕದ ಸರ್ಕಾರಕ್ಕೆ ಮಾರುವುದಿಲ್ಲ ಎಂದು ಕಂಪನಿ ಮಾತು ಕೊಟ್ಟಿತು. ಆದರೆ ಅಲ್ಲಿನ ಏಜೆಂಟ್ ಗುಟ್ಟಾಗಿ ಮಾರುತ್ತಲೇ ಇದ್ದ. 1977ರಲ್ಲಿ ಗುಟ್ಟು ರಟ್ಟಾಯಿತು, ಪೊಲರಾಯ್ಡ್ ಗಂಟುಮೂಟೆ ಕಟ್ಟಿತು.

ಅದೇ 1977ರಲ್ಲಿ ಹ್ಯಾಂಪ್‌ಶೈರ್ ಎಂಬ ಪುಟ್ಟ ಅಮೆರಿಕನ್ ಕಾಲೇಜು ದಕ್ಷಿಣ ಆಫ್ರಿಕದಲ್ಲಿ ವ್ಯವಹಾರವಿದ್ದ ಕಂಪನಿಗಳ ಷೇರುಗಳನ್ನು ಮಾರಿ ಕೈತೊಳೆದುಕೊಂಡಿತು. ಪುಡಿಗಾಸು ಎಂದು ನಕ್ಕವರಿರಬಹುದು. ಒಂಬತ್ತೇ ವರ್ಷದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅದೇ ದಾರಿ ಹಿಡಿಯಿತು. ಈ ಸಲ ಮೊತ್ತ 300 ಕೋಟಿ ಡಾಲರ್‌ಗೂ ಹೆಚ್ಚು!

ಎಲ್ಲರೂ ಹೀಗೆ ನೆಟ್ಟಗೆ ಹೊರಬಂದರು ಅಂದುಕೊಳ್ಳಬೇಡಿ. ಕೋಕಾ ಕೋಲಾ ತನ್ನ ಷೇರು ಮಾರಿತು, ಕೋಲಾದ ಸಾರ ತಯಾರಿಸುವ ಘಟಕವನ್ನು ಪಕ್ಕದ ಪುಟ್ಟ ದೇಶ ಸ್ವಾಜಿಲ್ಯಾಂಡಿಗೆ ಒಯ್ದಿತು. ದಕ್ಷಿಣ ಆಫ್ರಿಕದ ಅಂಗಡಿಗಳಲ್ಲಿ ಬಾಟಲಿ ಮಾತ್ರ ಎಂದಿನಂತೆ ಸಿಗುತ್ತಲೇ ಇತ್ತು. ಜಾಣತನ ಅಂದರೆ ಇದಪ್ಪಾ!

ನಿಜವಾದ ಪೆಟ್ಟು ಕೊಟ್ಟದ್ದು ಬ್ಯಾಂಕು. 1985ರಲ್ಲಿ ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕ್ 'ದಕ್ಷಿಣ ಆಫ್ರಿಕದ ಸಾಲದ ಅವಧಿ ಮುಂದುವರಿಸುವುದಿಲ್ಲ' ಎಂದಿತು. ಉಳಿದ ಬ್ಯಾಂಕುಗಳೂ ಅದನ್ನೇ ಹಿಂಬಾಲಿಸಿದವು. ರ‍್ಯಾಂಡ್ ಮೌಲ್ಯ ಪಾತಾಳಕ್ಕಿಳಿಯಿತು. ಸರ್ಕಾರ ಷೇರುಪೇಟೆಗೆ ಕೆಲದಿನ ಬೀಗವನ್ನೇ ಹಾಕಬೇಕಾಯಿತು!

ಮತ್ತೆ ಆಟಕ್ಕೆ ಬರೋಣ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ ದೇಶಗಳು ಬೆನ್ನು ತಿರುಗಿಸಿದವು. ನ್ಯೂಜಿಲೆಂಡ್‌ನ ರಗ್ಬಿ ತಂಡ ದಕ್ಷಿಣ ಆಫ್ರಿಕಕ್ಕೆ ಆಡಲು ಹೋಯಿತಲ್ಲ, ಅದರ ಮೇಲಿನ ಸಿಟ್ಟು. ವಿಚಿತ್ರವೇನೆಂದರೆ ದಕ್ಷಿಣ ಆಫ್ರಿಕ ಆ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ರಗ್ಬಿಯೂ ಇರಲಿಲ್ಲ!

ಇನ್ನು ನಮ್ಮ ಕ್ರಿಕೆಟ್. 1970ರಲ್ಲಿ ಹೊರಬಿದ್ದ ದಕ್ಷಿಣ ಆಫ್ರಿಕ ಅದಕ್ಕೂ ಮುಂಚೆ ಭಾರತ, ಪಾಕಿಸ್ತಾನ, ವೆಸ್ಟ್ ಇಂಡೀಸ್ ಜೊತೆ ಒಂದೇ ಒಂದು ಟೆಸ್ಟ್ ಕೂಡ ಆಡಿರಲಿಲ್ಲ. ಬಿಳಿಯರ ತಂಡಗಳ ಜೊತೆ ಮಾತ್ರ ಅವರ ಆಟ! ಮತ್ತೆ ಅಂಗಳಕ್ಕಿಳಿದದ್ದು ಎಲ್ಲಿ? ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ, 1991ರ ನವೆಂಬರ್ 10ರಂದು, ಭಾರತದ ಎದುರೇ! ಅದು ಅವರ ದೇಶದ ಮೊಟ್ಟಮೊದಲ ಏಕದಿನ ಪಂದ್ಯ. ನಾಯಕ ಕ್ಲೈವ್ ರೈಸ್‌ಗೆ 42 ವರ್ಷ, ಆದರೂ ಅಂತರರಾಷ್ಟ್ರೀಯ ಆಟಕ್ಕೆ ಹೊಸಬ! ತಂಡದ ಹನ್ನೊಂದರಲ್ಲಿ ಹತ್ತು ಮಂದಿಗೆ ಅದೇ ಮೊದಲ ಪಂದ್ಯ. ಹಾಗಾದರೆ ಹನ್ನೊಂದನೆಯವ? ಕೆಪ್ಲರ್ ವೆಸಲ್ಸ್. ಅವರು ಅಷ್ಟರೊಳಗೆ ಆಸ್ಟ್ರೇಲಿಯದ ಪರವಾಗಿ ಹತ್ತಾರು ಪಂದ್ಯ ಆಡಿ ಮುಗಿಸಿಬಿಟ್ಟಿದ್ದರು!