ದೋಣಿ ಕೊಳೆಯುವುದು ಅಂಚಿನಿಂದ

1963ರಲ್ಲಿ ಲಂಡನ್ನಿನ ದೋಣಿ ಪ್ರದರ್ಶನದಲ್ಲಿ ‘ಮಿರರ್’ ಎಂಬ ಪುಟ್ಟ ಹಾಯಿದೋಣಿ ಕಾಣಿಸಿಕೊಂಡಿತು. ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ, ಡೈಲಿ ಮಿರರ್ ಪತ್ರಿಕೆಯ ಹೆಸರು ಹೊತ್ತ ಈ ದೋಣಿಯ ಉದ್ದ 3.3 ಮೀಟರ್. ಪ್ಲೈವುಡ್ ಹಾಳೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗಳಿಗೆ ಗಾಜಿನ ನಾರಿನ ಪಟ್ಟಿಯನ್ನೂ ರಾಳವನ್ನೂ ಮೆತ್ತಿದರೆ ಒಡಲು ಸಿದ್ಧ. ಬಡಗಿ ಕಸುಬು ಗೊತ್ತಿಲ್ಲದವರೂ ಮನೆಯಲ್ಲೇ ಕಟ್ಟಬಹುದಿತ್ತು. ಹೀಗೆ 70,000ಕ್ಕೂ ಹೆಚ್ಚು ಮಿರರ್‌ಗಳು ನೀರಿಗಿಳಿದವು. ಕಟ್ಟುವುದೇನೋ ಸುಲಭವಾಯಿತು, ಉಳಿಸಿಕೊಳ್ಳುವ ಭಾರ ಬಣ್ಣದ ಮೇಲೆ ಬಿತ್ತು. ವರ್ಷಕ್ಕೊಮ್ಮೆ ಇಡೀ ದೋಣಿಗೆ ಇನ್ನೊಂದು ಕೋಟ್ ಹೊಡೆದು ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಅದು ಶ್ರಮವನ್ನು ತಪ್ಪು ಜಾಗದಲ್ಲಿ ಸುರಿದಂತೆ ಕಾಣುತ್ತದೆ. ಇಂಥ ದೋಣಿಯ ಆಯುಸ್ಸು ತೀರ್ಮಾನವಾಗುವುದು ಬೆರಳಗಲವೂ ಇಲ್ಲದ ಅಂಚುಗಳಲ್ಲಿ.

ಮರವೆಂದರೆ ನೀರು ಸಾಗಿಸಲೆಂದೇ ಬೆಳೆದ ಸೂಕ್ಷ್ಮ ಕೊಳವೆಗಳ ಕಟ್ಟು. ಕೊಳವೆಯ ಪಕ್ಕದಿಂದ ನೀರು ತಡವರಿಸುತ್ತಾ ಇಳಿಯುತ್ತದೆ, ಕೊಯ್ದ ಬಾಯಿಂದ ಸರಾಗವಾಗಿ ನುಗ್ಗುತ್ತದೆ. ಪ್ಲೈವುಡ್‌ನಲ್ಲಿ ಪದರಗಳನ್ನು ಅಡ್ಡಡ್ಡವಾಗಿ ಅಂಟಿಸಿರುವುದರಿಂದ ಯಾವ ಬದಿ ಕೊಯ್ದರೂ ಕೆಲವು ಪದರಗಳ ಬಾಯಿ ತೆರೆದೇ ಇರುತ್ತದೆ. ಹಸಿ ಬಣ್ಣವಾದರೋ ಮೇಲ್ಮೈ ಸೆಳೆತದಿಂದಾಗಿ ಚೂಪು ಅಂಚಿನಿಂದ ಹಿಂದೆ ಸರಿದು ಅಲ್ಲೇ ಅತಿ ತೆಳುವಾಗುತ್ತದೆ. ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ! ಮರದ ತೇವಾಂಶ ಸುಮಾರು ಶೇ. 20ರೊಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಬಣ್ಣದ ನಿಜವಾದ ಕೆಲಸ ಆ ಮಿತಿಯನ್ನು ಕಾಯುವುದು. ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗಿಳಿಸುವ ಹಲಗೆ) ಇಳಿಯುವ ಗೂಡಿನ ಬಾಯಿಯನ್ನು ಹತ್ತಿರದಿಂದ ನೋಡಿ: ಹಲಗೆ ಉಜ್ಜಿ ಉಜ್ಜಿ ಬಣ್ಣ ಸವೆದಿರುತ್ತದೆ, ಸಣ್ಣ ಬಿರುಕಿನ ಅಕ್ಕಪಕ್ಕ ಮರ ಕಪ್ಪಿಟ್ಟಿರುತ್ತದೆ, ಉಗುರು ಹಾಕಿದರೆ ಚಕ್ಕೆ ಏಳುತ್ತದೆ. ಅರ್ಧ ಅಡಿ ಆಚೆ ಅದೇ ಬಣ್ಣ ಇನ್ನೂ ಹೊಳೆಯುತ್ತಿರುತ್ತದೆ.

ಹಾಗಾದರೆ ಕೋಟಿನ ಮೇಲೆ ಕೋಟು ಬಳಿದರಾಯಿತು ಎನ್ನಬಹುದು. ಆದರೆ ದೋಣಿಗೆ ಬಳಿಯುವ ಎನಾಮೆಲ್ ಬಣ್ಣ ಹಳತಾದಷ್ಟೂ ಗಡುಸಾಗುತ್ತದೆ; ಅದರಡಿಯ ಮರ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತಲೇ ಇರುತ್ತದೆ. ದಪ್ಪ ಪೊರೆ ಆ ಚಲನೆಗೆ ಬಗ್ಗಲಾರದೆ ಸೀಳುತ್ತದೆ, ಒಳಹೊಕ್ಕ ನೀರನ್ನು ಹೊರಬಿಡದೆ ಕೂಡಿಹಾಕುತ್ತದೆ. ತೂಕವೂ ಏರುತ್ತದೆ, ಮಿರರ್‌ನ ಒಡಲೇ 45.5 ಕಿಲೋ ಅಷ್ಟೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬಲವಿದೆ: ನೀರು ತಡೆಯುವುದರಲ್ಲಿ ಎಪಾಕ್ಸಿ ರಾಳ ಎನಾಮೆಲ್ಲನ್ನು ಮೀರಿಸುತ್ತದೆ, ಅದನ್ನೇ ಬಳಿದು ನಿಶ್ಚಿಂತರಾಗಬಾರದೇಕೆ? ಅಂಚಿಗೆ ಕುಡಿಸಲು ಅದು ಬಹಳ ಒಳ್ಳೆಯದು, ಒಪ್ಪೋಣ. ಆದರೆ ಅದರ ಅಣುಗಳು ನೇರಳಾತೀತ ಕಿರಣಗಳನ್ನು ಹೀರಿ ಒಡೆಯುತ್ತವೆ. ಹೊಳಪು ಸತ್ತು ಮೈಮೇಲೆ ಸೀಮೆಸುಣ್ಣದಂಥ ಪುಡಿ ಏಳುತ್ತದೆ. ಬಿಸಿಲು ತಡೆಯಲು ಮೇಲೊಂದು ಬಣ್ಣ ಬೇಕೇ ಬೇಕು. ಮರದ ಚೆಲುವು ಕಾಣಲೆಂದು ವಾರ್ನಿಷ್ ಹಚ್ಚಿದವರೂ ಇದೇ ದಂಡ ತೆರುತ್ತಾರೆ: ಪಾರದರ್ಶಕ ಪೊರೆಯ ಮೂಲಕ ಇಳಿದ ಬಿಸಿಲು ಮರದ ನಾರುಗಳನ್ನು ಬಿಗಿಹಿಡಿದಿರುವ ಲಿಗ್ನಿನ್ನನ್ನು ಕೆಡಿಸಿ, ಪೊರೆಯ ಹಿಡಿತವನ್ನೇ ತಪ್ಪಿಸುತ್ತದೆ. ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ ಆ ಕಿರಣಗಳನ್ನು ತಡೆಯುತ್ತದೆ, ಮೈ ಬಿಸಿಯಾಗುವುದೂ ಕಡಿಮೆ.

ಆದ್ದರಿಂದ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನವೇ ಹೆಚ್ಚಿನ ಕೆಲಸ ಮುಗಿದಿರಬೇಕು. ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ಅದು ತೇವ ಎಳೆದು ಪೊರೆಯಡಿ ಗುಳ್ಳೆ ಎಬ್ಬಿಸುತ್ತದೆ. ಸಡಿಲಾದದ್ದನ್ನು ಕೆರೆದು, ಮರ ಪೂರ್ತಿ ಒಣಗಲು ಬಿಟ್ಟು, ಚೂಪು ಅಂಚನ್ನು ದುಂಡಗೆ ಉಜ್ಜಿದರೆ ಬಣ್ಣ ಅಲ್ಲಿ ನಿಲ್ಲುತ್ತದೆ. 80ರ ಒರಟು ಉಜ್ಜುಕಾಗದದಿಂದ ಹೊರಟು ನಯವಾದ 220ಕ್ಕೆ ಬರುವಷ್ಟರಲ್ಲಿ ಹಳೆಯ ಬಣ್ಣದ ಮೆಟ್ಟಿಲು ಬೆರಳಿಗೆ ತಗಲಬಾರದು. ಉಜ್ಜಿದ ಗೀರುಗಳೇ ಹೊಸ ಬಣ್ಣಕ್ಕೆ ಹಿಡಿಕೆ. ಹಳೆಯ ಪೊರೆಯಲ್ಲಿ ಸೀಸ ಇರಬಹುದಾದ್ದರಿಂದ ಮುಖಗವಸು ಕಡ್ಡಾಯ. ಸಂಜೆ ಬಳಿದು ಇಬ್ಬನಿ ಕೂತರೆ ಎನಾಮೆಲ್ ಮಂಕಾಗುತ್ತದೆ, ಬೆಳಗ್ಗೆಯೇ ಮುಗಿಸುವುದು ಲೇಸು. ಬಳಸಿದ ಮಿರರ್ ಕೊಳ್ಳುವವರು ಹೊರಮೈಯ ಹೊಸ ಹೊಳಪಿಗೆ ಬೆಲೆ ಕಟ್ಟದೆ, ಡ್ಯಾಗರ್‌ಬೋರ್ಡ್ ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ ಮಾತಿಗಿಳಿಯಲಿ.