ಉಚಿತ ವೃತ್ತಿಸೇವೆ: ನಮ್ಮೂರ ಸಂಸ್ಥೆಗಳು ಅರ್ಹವೇ?

ಮಲೆನಾಡಿನ ಯಾವ ಹೋಬಳಿಗೆ ಹೋದರೂ ಬೆಳೆಗಾರರು ಕೂಡಿ ಕಟ್ಟಿದ ಒಂದಾದರೂ ಸಾರ್ವಜನಿಕ ಸಂಸ್ಥೆ ಕಣ್ಣಿಗೆ ಬೀಳುತ್ತದೆ. ಒಂದು ಕಡೆ ಪ್ರೌಢಶಾಲೆ, ಇನ್ನೊಂದು ಕಡೆ ವಾರಕ್ಕೆರಡು ದಿನ ವೈದ್ಯರು ಬರುವ ಚಿಕಿತ್ಸಾಲಯ, ಮತ್ತೊಂದು ಕಡೆ ವಾಚನಾಲಯ, ವಿದ್ಯಾರ್ಥಿನಿಲಯ, ಮಹಿಳಾ ಸಮಾಜ. ಒಬ್ಬರು ಜಾಗ ಕೊಟ್ಟರು, ಇನ್ನೊಬ್ಬರು ಮರಮುಟ್ಟು ಕೊಟ್ಟರು, ಉಳಿದವರು ಕೊಯ್ಲಿನ ಹಣ ಕೈಸೇರಿದಾಗ ಕೈಲಾದಷ್ಟು ಕೊಟ್ಟರು. ಹೀಗೆ ಎದ್ದುನಿಂತ ಸಂಸ್ಥೆಗಳು ಇವು.

ಈ ಸಂಸ್ಥೆಗಳಿಗೆ ಇಂದು ಹಣದ ಕೊರತೆಯಷ್ಟೇ ದೊಡ್ಡ ಕೊರತೆ ಇನ್ನೊಂದಿದೆ. ಅದು ತಿಳಿದವರ ಕೆಲಸದ ಕೊರತೆ. ಲೆಕ್ಕಪತ್ರ ಸರಿಪಡಿಸಲು ಲೆಕ್ಕಿಗರು ಬೇಕು, ಜಾಗದ ದಾಖಲೆ ನೋಡಲು ವಕೀಲರು ಬೇಕು, ಸೋರುವ ಕಟ್ಟಡಕ್ಕೆ ಇಂಜಿನಿಯರು ಬೇಕು. ಇವರ ಶುಲ್ಕ ತೆರುವ ಶಕ್ತಿ ಹಳ್ಳಿಯ ಸಂಸ್ಥೆಗೆ ಎಲ್ಲಿಂದ ಬರಬೇಕು? ಇಂಥ ಸೇವೆಯನ್ನು ಪುಕ್ಕಟೆಯಾಗಿ ಕೊಡುವ ಏರ್ಪಾಟುಗಳು ಈಗ ನಮ್ಮ ದೇಶದಲ್ಲಿಯೂ ಇವೆ. ಆದರೆ ಕೇಳಿದವರಿಗೆಲ್ಲ ಅದು ಸಿಗುವುದಿಲ್ಲ. ಯಾವ ಸಂಸ್ಥೆ ಅರ್ಹ, ಯಾವುದು ಅಲ್ಲ ಎಂಬುದನ್ನು ಬೆಳೆಗಾರ ಬಾಂಧವರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಏನಿದು ವೃತ್ತಿಸೇವೆಯ ಅನುದಾನ?

'ಪ್ರೋ ಬೋನೋ ಪಬ್ಲಿಕೋ' ಎಂಬ ಲ್ಯಾಟಿನ್ ಮಾತಿಗೆ 'ಸಾರ್ವಜನಿಕ ಹಿತಕ್ಕಾಗಿ' ಎಂದು ಅರ್ಥ. ವೃತ್ತಿಪರರು ತಮ್ಮ ಕಸುಬಿನ ವಿದ್ಯೆಯನ್ನೇ ಸಂಭಾವನೆಯಿಲ್ಲದೆ ಧಾರೆಯೆರೆಯುವುದಕ್ಕೆ ಈ ಹೆಸರು. ಇದು ಮೊದಲು ಬೇರೂರಿದ್ದು ವಕೀಲರಲ್ಲಿ. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮದ ಪ್ರಕಾರ ಪ್ರತಿಯೊಬ್ಬ ವಕೀಲನೂ ವರ್ಷಕ್ಕೆ ಕನಿಷ್ಠ 50 ಗಂಟೆ ಇಂಥ ಸೇವೆಗೆ ಮೀಸಲಿಡಲು ಯತ್ನಿಸಬೇಕು. ಬಳಿಕ ಇತರ ವೃತ್ತಿಗಳವರೂ ಇದೇ ದಾರಿ ಹಿಡಿದರು. 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಟ್ಯಾಪ್‌ರೂಟ್ ಪ್ರತಿಷ್ಠಾನವು ಹಣದ ಬದಲಿಗೆ ಸೇವೆಯನ್ನೇ ಅನುದಾನವಾಗಿ ಕೊಡುವ ಪದ್ಧತಿಯನ್ನು ಬೆಳೆಸಿತು. ಆಯ್ಕೆಯಾದ ಸೇವಾಸಂಸ್ಥೆಗೆ ಚೆಕ್ಕಿನ ಬದಲು ನುರಿತ ವೃತ್ತಿಪರರ ಒಂದು ತಂಡ ದೊರೆಯುತ್ತಿತ್ತು.

ನಮ್ಮಲ್ಲಿ ಟಾಟಾ ಸಮೂಹವು 2014ರಲ್ಲಿ ಆರಂಭಿಸಿದ 'ಪ್ರೊಎಂಗೇಜ್' ಯೋಜನೆ ಇದೇ ಬಗೆಯದು. ಉದ್ಯೋಗಿಗಳು ತಮ್ಮ ಬಿಡುವಿನ ವೇಳೆಯಲ್ಲಿ, ಕೆಲವು ತಿಂಗಳ ಕಾಲ, ಒಂದು ಸೇವಾಸಂಸ್ಥೆಯ ನಿರ್ದಿಷ್ಟ ಕೆಲಸಕ್ಕೆ ತಮ್ಮ ವೃತ್ತಿಜ್ಞಾನವನ್ನು ಒದಗಿಸುತ್ತಾರೆ. ಯೋಜನೆಯಿಂದ ಯೋಜನೆಗೆ ನಿಯಮಗಳಲ್ಲಿ ವ್ಯತ್ಯಾಸವಿದ್ದರೂ ಮೂಲ ಅರ್ಹತೆಗಳು ಹೆಚ್ಚುಕಡಿಮೆ ಒಂದೇ.

ಯಾರಿಗೆ ಸಲ್ಲದು?

ಮೊದಲಿಗೆ, ನಮ್ಮ ಸಹಕಾರ ಸಂಘಕ್ಕೇ ಇದು ಸಾಮಾನ್ಯವಾಗಿ ಸಲ್ಲದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಡಿ ನೋಂದಣಿಯಾದ ಸಂಘ ಸದಸ್ಯರ ಆರ್ಥಿಕ ಹಿತಕ್ಕಾಗಿ ಇರುವಂಥದು. ಲಾಭ ಬಂದರೆ ಡಿವಿಡೆಂಡು ಹಂಚುತ್ತದೆ. ಉಚಿತ ವೃತ್ತಿಸೇವೆಯ ಮೊದಲ ಷರತ್ತೇ ಲಾಭ ಯಾರ ಕೈಗೂ ಹೋಗಬಾರದು ಎಂಬುದು. ಬೆಲೆ, ತೆರಿಗೆ, ಆಮದು ಮುಂತಾದ ವಿಷಯಗಳಲ್ಲಿ ಸದಸ್ಯರ ಪರವಾಗಿ ಮಾತನಾಡುವ ಬೆಳೆಗಾರರ ಸಂಘಗಳಿಗೂ ಇದೇ ತೊಡಕು. ಅವುಗಳ ಕೆಲಸ ಯೋಗ್ಯವಾದದ್ದೇ, ಆದರೆ ಅದು ಸದಸ್ಯರ ಕೆಲಸ, ಸಾರ್ವಜನಿಕರದ್ದಲ್ಲ. ರಾಜಕೀಯ ಪಕ್ಷದ ಕೆಲಸಕ್ಕೂ, ಪದಾಧಿಕಾರಿಗಳ ಸ್ವಂತ ಮನೆ ತೋಟದ ಕೆಲಸಕ್ಕೂ ಈ ಸೇವೆಯನ್ನು ಬಳಸುವಂತಿಲ್ಲ.

ವ್ಯಕ್ತಿಗಳಿಗೆ ಬೇಕಾದ ಕಾನೂನು ನೆರವಿನ ದಾರಿಯೇ ಬೇರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ 12ನೆಯ ವಿಭಾಗದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮುಂತಾದವರಿಗೆ ಆದಾಯದ ಮಿತಿಯನ್ನು ನೋಡದೆ, ಉಳಿದವರಿಗೆ ಆದಾಯದ ಮಿತಿಗೆ ಒಳಪಟ್ಟು ಉಚಿತ ವಕೀಲರ ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. ನಮ್ಮ ತೋಟಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಈ ಸಂಗತಿ ತಿಳಿಸುವುದು ನಮ್ಮೆಲ್ಲರ ಕರ್ತವ್ಯ. ಆದರೆ ಶಾಲೆಯ ಟ್ರಸ್ಟೋ ವಾಚನಾಲಯದ ಸಮಿತಿಯೋ ಸಂಸ್ಥೆಯಾಗಿ ಈ ಬಾಗಿಲು ತಟ್ಟಿದರೆ ಪ್ರಯೋಜನವಾಗದು.

ಅರ್ಹತೆ ಒಂದು: ಜೀವಂತ ನೋಂದಣಿ

ಸಂಸ್ಥೆ ಕಾನೂನಿನ ಕಣ್ಣಿನಲ್ಲಿ ಇರಬೇಕು. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿ, ಟ್ರಸ್ಟ್ ಆದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಪತ್ರ, ಕಂಪನಿಯಾದರೆ 2013ರ ಕಂಪನಿ ಕಾಯಿದೆಯ 8ನೆಯ ವಿಭಾಗದಡಿ ಪರವಾನಗಿ. ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು.

ನೋಂದಣಿ ಎಂದೋ ಆಗಿದ್ದರೆ ಸಾಲದು. ಸಂಘವು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಎಷ್ಟೋ ಊರುಗಳಲ್ಲಿ ನೋಂದಣಿ ಪತ್ರ ಕಟ್ಟುಹಾಕಿಸಿಕೊಂಡು ಗೋಡೆಯ ಮೇಲಿರುತ್ತದೆ. ಲೆಕ್ಕ ಸಲ್ಲಿಸಿ ವರ್ಷಗಳೇ ಉರುಳಿರುತ್ತವೆ. ಪಟ್ಟಿಯಲ್ಲಿರುವ ಅಧ್ಯಕ್ಷರು ತೀರಿಕೊಂಡಿರುತ್ತಾರೆ, ಕಾರ್ಯದರ್ಶಿಗಳು ಮಗನ ಮನೆಗೆಂದು ಬೆಂಗಳೂರು ಸೇರಿರುತ್ತಾರೆ. ಅರ್ಜಿಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂಬುದೇ ತಿಳಿಯದ ಸಂಸ್ಥೆಗೆ ಹೊರಗಿನವರು ನೆರವಾಗುವುದಾದರೂ ಹೇಗೆ?

ಅರ್ಹತೆ ಎರಡು: ತೆರಿಗೆ ನೋಂದಣಿ

ಸಂಸ್ಥೆ ನಿಜಕ್ಕೂ ಧರ್ಮಕಾರ್ಯದ್ದು ಎನ್ನುವುದಕ್ಕೆ ಹೆಚ್ಚಿನವರು ಕೇಳುವ ಆಧಾರ ಆದಾಯ ತೆರಿಗೆ ಇಲಾಖೆಯ ನೋಂದಣಿ. 1961ರ ಕಾಯಿದೆಯ ಕಾಲದಿಂದ ಇವು 12ಎ ಮತ್ತು 80ಜಿ ಎಂದೇ ಪರಿಚಿತ. ಮೊದಲನೆಯದು ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಕೊಡುವುದು, ಎರಡನೆಯದು ದಾನಿಗಳಿಗೆ ರಿಯಾಯಿತಿ ಕೊಡುವುದು. 2025ರ ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ವಿಭಾಗಗಳ ಸಂಖ್ಯೆಗಳು ಬದಲಾಗಿವೆ. ಹಳೆಯ ಹೆಸರು ಹೇಳಿದರೂ ಲೆಕ್ಕಿಗರಿಗೆ ಅರ್ಥವಾಗುತ್ತದೆ.

ಹಳೆಯ ಸಂಸ್ಥೆಗಳು ಮುಗ್ಗರಿಸುವುದು ಇಲ್ಲಿಯೇ. ಹಿಂದೆ ಒಮ್ಮೆ ಪಡೆದ 12ಎ ನೋಂದಣಿ ಕಾಯಂ ಆಗಿರುತ್ತಿತ್ತು. 2021ರ ಏಪ್ರಿಲ್ 1ರಿಂದ ಈ ವ್ಯವಸ್ಥೆ ಹೋಯಿತು. ಹಳೆಯ ಸಂಸ್ಥೆಗಳೆಲ್ಲ ಮತ್ತೆ ಅರ್ಜಿ ಹಾಕಬೇಕಾಯಿತು; ಅದಕ್ಕೆ ಕೊಟ್ಟ ಗಡುವು ಹಲವು ಬಾರಿ ಮುಂದೆ ಹೋಗಿ, 2024ರ ಜೂನ್ 30ರ ವರೆಗೂ ವಿಸ್ತರಣೆಯಾಯಿತು. ಈಗಿನ ನೋಂದಣಿಗಳಿಗೆ ಅವಧಿಯುಂಟು. ಮುಗಿಯುವ ಮುನ್ನ ನವೀಕರಿಸಬೇಕು. ನಲವತ್ತು ವರ್ಷದ ಹಿಂದಿನ ಆದೇಶವನ್ನು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತರಾಗಿರುವ ಆಡಳಿತ ಮಂಡಳಿಗಳು ಕೂಡಲೇ ಲೆಕ್ಕಿಗರನ್ನು ಕಾಣುವುದು ಲೇಸು.

ಹಣದ ಬಾಗಿಲು ಬೇರೆ, ಸೇವೆಯ ಬಾಗಿಲು ಬೇರೆ

ದೊಡ್ಡ ಕಂಪನಿಗಳು ಸಮಾಜಕ್ಕೆ ಖರ್ಚು ಮಾಡಲೇಬೇಕಾದ ಹಣವಿದೆಯಲ್ಲ, ಅದರಿಂದಲೇ ಈ ಸೇವೆ ಬರುವುದೇ ಎಂದು ಹಲವರು ಕೇಳುತ್ತಾರೆ. ಎರಡೂ ಬೇರೆ. ಕಂಪನಿ ಕಾಯಿದೆಯ 135ನೆಯ ವಿಭಾಗದಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ಖರ್ಚು ಮಾಡಬೇಕು. ಆದರೆ ನೌಕರರು ಪುಕ್ಕಟೆಯಾಗಿ ಮಾಡಿದ ಕೆಲಸಕ್ಕೆ ಬೆಲೆ ಕಟ್ಟಿ ಅದನ್ನು ಈ ಖರ್ಚಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿದೆ. ಎಂದರೆ ಇಂಜಿನಿಯರನ್ನು ಕಳುಹಿಸುವ ಕಂಪನಿ ಲೆಕ್ಕ ತೀರಿಸಲು ಕಳುಹಿಸುತ್ತಿಲ್ಲ. ಮನಸ್ಸಿದ್ದು ಕಳುಹಿಸುತ್ತದೆ, ಮನಸ್ಸು ಮುರಿದರೆ ಹಿಂದಕ್ಕೆ ಕರೆಸಿಕೊಳ್ಳಲು ಅಡ್ಡಿಯಿಲ್ಲ.

ಕಂಪನಿಯ ಹಣ ಪಡೆದು ಯೋಜನೆ ನಡೆಸಬೇಕಾದ ಸಂಸ್ಥೆಗೆ ನಿಯಮ ಇನ್ನೂ ಬಿಗಿ. 2021ರ ಏಪ್ರಿಲ್ 1ರಿಂದ ಅಂಥ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ಹೆಸರು ನೋಂದಾಯಿಸಬೇಕು. ಕಂಪನಿಯೇ ಸ್ಥಾಪಿಸಿದ್ದಲ್ಲದಿದ್ದರೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವನ್ನೂ ತೋರಿಸಬೇಕು. ಇದನ್ನೆಲ್ಲ ಸಿದ್ಧಪಡಿಸಿಕೊಂಡ ಸಂಸ್ಥೆಗೆ ಎರಡು ಬಾಗಿಲುಗಳನ್ನೂ ತಟ್ಟಲು ಅನುಕೂಲ.

ಅರ್ಹತೆ ಮೂರು: ಲೆಕ್ಕ ಮತ್ತು ಜಾಗ

ಕೆಲವು ವರ್ಷಗಳ ಪರಿಶೋಧಿತ ಲೆಕ್ಕಪತ್ರಗಳನ್ನು ಕೇಳುವುದು ವಾಡಿಕೆ. ಸಣ್ಣ ಮೊತ್ತವೆಂದು ನಾಚಬೇಕಿಲ್ಲ. ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲಿದ್ದು, ರಸೀತಿ ಪುಸ್ತಕವೂ ನಗದು ಪುಸ್ತಕವೂ ತಾಳೆಯಾದರೆ ಸಾಕು. ಲೆಕ್ಕ ಬರೆದವರೇ ಲೆಕ್ಕ ಪರಿಶೋಧಿಸಬಾರದು ಎಂಬುದೂ ನೆನಪಿರಲಿ.

ಕಟ್ಟಡದ ಕೆಲಸವಾದರೆ ಜಾಗದ ಪ್ರಶ್ನೆ ಮೊದಲು ಬರುತ್ತದೆ. 'ಅಜ್ಜನವರು ಶಾಲೆಗೆಂದು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ' ಎಂಬ ಮಾತು ನಮ್ಮಲ್ಲಿ ಸಾಮಾನ್ಯ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 123ನೆಯ ವಿಭಾಗದ ಪ್ರಕಾರ ಸ್ಥಿರಾಸ್ತಿಯ ದಾನ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ದಾನಿಯ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಅಜ್ಜನ ಮಾತನ್ನು ಮಗ ನಡೆಸಿದ, ಮೊಮ್ಮಗನೂ ನಡೆಸಬಹುದು. ಆಸ್ತಿ ಪಾಲಾಗಿ ಪಹಣಿಯಲ್ಲಿ ಬೇರೆ ಹೆಸರು ಕೂತ ದಿನ ಶಾಲೆಯ ಗತಿಯೇನು? ದಾನಿಯ ಮನೆತನದವರು ಸೌಹಾರ್ದದಿಂದ ಇರುವಾಗಲೇ ಪತ್ರ ಮಾಡಿಸಿಕೊಳ್ಳುವುದು ಜಾಣತನ. ಪರರ ಹೆಸರಿನ ಜಾಗದ ಮೇಲೆ ನಕ್ಷೆ ಬರೆದುಕೊಡಲು ಯಾವ ಜವಾಬ್ದಾರಿಯುತ ಇಂಜಿನಿಯರೂ ಒಪ್ಪುವುದಿಲ್ಲ.

ಅರ್ಹತೆ ನಾಲ್ಕು: ಇಂಥದೇ ಕೆಲಸ ಎಂಬ ಖಚಿತತೆ

'ನಮ್ಮ ಸಂಸ್ಥೆಯನ್ನು ಅಭಿವೃದ್ಧಿಪಡಿಸಿಕೊಡಿ' ಎಂಬ ಅರ್ಜಿಗೆ ಬೆಲೆಯಿಲ್ಲ. ಚಿಕಿತ್ಸಾಲಯದ ಟ್ರಸ್ಟೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 'ನಮ್ಮಲ್ಲಿ ಔಷಧಿಯ ದಾಸ್ತಾನು ಲೆಕ್ಕ ಸರಿಯಾಗಿಲ್ಲ. ಅವಧಿ ಮೀರಿದ ಔಷಧಿ ಉಳಿದುಹೋಗುತ್ತದೆ, ಬೇಕಾದದ್ದು ಮುಗಿದಿರುತ್ತದೆ. ಒಬ್ಬ ನೌಕರ ನಿರ್ವಹಿಸಬಲ್ಲ ಸರಳ ದಾಸ್ತಾನು ಪದ್ಧತಿಯೊಂದನ್ನು ಮೂರು ತಿಂಗಳಲ್ಲಿ ರೂಪಿಸಿ, ಅವನಿಗೆ ಕಲಿಸಿಕೊಡಬೇಕು' ಎಂದು ಬರೆದರೆ ಓದಿದವರಿಗೆ ತಾವು ಏನು ಮಾಡಬೇಕೆಂಬುದು ಹೊಳೆಯುತ್ತದೆ. ಆರಂಭ, ಕೊನೆ, ಕೈಗೆ ಸಿಗುವ ಫಲ ಮೂರೂ ಅದರಲ್ಲಿವೆ. ನಾಳೆಯೇ ಕೋರ್ಟಿಗೆ ಉತ್ತರ ಸಲ್ಲಿಸಬೇಕೆಂಬಂಥ ತುರ್ತಿನ ಕೆಲಸಕ್ಕೆ ಬಿಡುವಿನ ವೇಳೆಯ ಸೇವೆ ಒಗ್ಗದು.

ಅರ್ಹತೆ ಐದು: ಜೊತೆ ನಿಲ್ಲುವ ಒಬ್ಬ ವ್ಯಕ್ತಿ

ಕಾಗದಪತ್ರಗಳೆಲ್ಲ ಇದ್ದೂ ಕೆಲಸ ಕೆಡುವುದು ಈ ಒಂದರಿಂದ. ಅಡಿಕೆ ತೋಟಕ್ಕೆ ಕೊಳೆಮದ್ದು ಹೊಡೆಯುವ ದಿನವನ್ನು ನೆನೆಸಿಕೊಳ್ಳಿ. ನುರಿತ ಕೊನೆಗಾರ ಸಿಗುವುದೇ ಒಂದು ದಿನ. ಅವನು ಬಂದು ನಿಂತಾಗ ಮೈಲುತುತ್ತ ನೆನೆದಿಲ್ಲ, ಸುಣ್ಣ ಸೋಸಿಲ್ಲ ಎಂದರೆ ಆ ದಿನ ಹೋಯಿತು. ವೃತ್ತಿಸೇವೆಯೂ ಹಾಗೆಯೇ. ಬಂದವರು ಕೇಳಿದ ದಾಖಲೆ ಕೊಡಲು, ಊರು ತೋರಿಸಲು, ಪತ್ರಕ್ಕೆ ಉತ್ತರಿಸಲು, ಮಂಡಳಿಯಿಂದ ತೀರ್ಮಾನ ಪಡೆದುಕೊಡಲು ಸಂಸ್ಥೆಯ ಕಡೆಯಿಂದ ಒಬ್ಬರು ನೇಮಕವಾಗಿರಬೇಕು. ಅವರಿಗೆ ವಾರದಲ್ಲಿ ಕೆಲವು ಗಂಟೆಯಾದರೂ ಬಿಡುವಿರಬೇಕು. ಕೊಯ್ಲಿನ ತಿಂಗಳುಗಳಲ್ಲಿ ನಮಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆ ಅವಧಿಯನ್ನು ಬಿಟ್ಟು ಕೆಲಸ ಗೊತ್ತುಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಸೇವೆ ಪುಕ್ಕಟೆಯಾದರೂ ಪಡೆಯುವವರ ಶ್ರಮ ಪುಕ್ಕಟೆಯಲ್ಲ.

ಇದು ಅನ್ಯಾಯವಲ್ಲವೇ?

ನೆರವು ಅತಿ ಹೆಚ್ಚು ಬೇಕಾದ ಸಂಸ್ಥೆಯೇ ಈ ಅರ್ಹತೆಗಳಲ್ಲಿ ಹಿಂದೆ ಬೀಳುತ್ತದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಲೆಕ್ಕಿಗರಿಲ್ಲದೆ ಲೆಕ್ಕವಿಲ್ಲ, ಲೆಕ್ಕವಿಲ್ಲದೆ ಉಚಿತ ಲೆಕ್ಕಿಗರೂ ಇಲ್ಲ. ಈ ಸುಳಿಯಿಂದ ಹೊರಬರುವ ಮೊದಲ ಹೆಜ್ಜೆಯನ್ನು ಊರಿನವರೇ ಇಡಬೇಕು.

ಅದು ನಮ್ಮ ಶಕ್ತಿ ಮೀರಿದ್ದೇನಲ್ಲ. ನಿವೃತ್ತ ಬ್ಯಾಂಕ್ ನೌಕರರು, ಸಂಘದ ಲೆಕ್ಕ ಬರೆದು ಪಳಗಿದ ಮಾಜಿ ಕಾರ್ಯದರ್ಶಿಗಳು ನಮ್ಮ ಸದಸ್ಯರಲ್ಲಿಯೇ ಇದ್ದಾರೆ. ನಮ್ಮ ಮಕ್ಕಳು ಬೆಂಗಳೂರು, ಮಂಗಳೂರುಗಳಲ್ಲಿ ಇಂಜಿನಿಯರರೂ ಲೆಕ್ಕಪರಿಶೋಧಕರೂ ಆಗಿ ನೆಲೆಸಿದ್ದಾರೆ. ಜಾತ್ರೆಗೆ ಬಂದಾಗ ಅವರ ಮುಂದೆ ರಸೀತಿ ಪುಸ್ತಕ ಹಿಡಿಯುತ್ತೇವೆ. 'ನಿನ್ನ ನಾಲ್ಕು ಶನಿವಾರ ಕೊಡು ಮಗಾ, ಶಾಲೆಯ ಹಳೆಯ ಲೆಕ್ಕ ಸರಿಮಾಡಿಕೊಡು' ಎಂದು ಕೇಳಿದವರು ಎಷ್ಟು ಮಂದಿ? ಕೇಳಿದರೆ ಇಲ್ಲವೆನ್ನುವವರು ಕಡಿಮೆ.

ಈಗ ಮಾಡಬೇಕಾದ್ದು

ಸಾರ್ವಜನಿಕ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿರುವ ಬೆಳೆಗಾರರು ಮುಂದಿನ ಸಭೆಯಲ್ಲಿ ಈ ಆರು ಕಾಗದಗಳನ್ನು ಮೇಜಿನ ಮೇಲಿಟ್ಟು ನೋಡಬೇಕೆಂದು ವಿನಂತಿ:

1. ನೋಂದಣಿ ಪತ್ರ ಮತ್ತು ಉಪನಿಯಮ ಅಥವಾ ಟ್ರಸ್ಟ್ ಪತ್ರ.
2. ಇಂದಿನ ಆಡಳಿತ ಮಂಡಳಿಯ ಪಟ್ಟಿ, ಅದನ್ನು ಸಲ್ಲಿಸಿದ ದಾಖಲೆ.
3. ಕಳೆದ ಮೂರು ವರ್ಷಗಳ ಪರಿಶೋಧಿತ ಲೆಕ್ಕ.
4. ತೆರಿಗೆ ನೋಂದಣಿಯ ಆದೇಶ, ಅದರ ಅವಧಿ ಮುಗಿಯುವ ದಿನಾಂಕ.
5. ಜಾಗದ ದಾನಪತ್ರ ಮತ್ತು ಪಹಣಿ.
6. ಆಗಬೇಕಾದ ಒಂದು ಕೆಲಸ ಮತ್ತು ಅದಕ್ಕೆ ಹೊಣೆಯಾದ ಒಬ್ಬರ ಹೆಸರನ್ನು ಬರೆದ ನಿರ್ಣಯ.

ಆರೂ ಇದ್ದರೆ ಅರ್ಜಿ ಬರೆಯಲು ಒಂದು ಸಂಜೆ ಸಾಕು. ಇಲ್ಲದಿದ್ದರೆ ಯಾವುದು ಇಲ್ಲವೋ ಅಲ್ಲಿಂದಲೇ ಕೆಲಸ ಹಿಡಿಯಬೇಕು. ಅನುದಾನ ಸಿಗಲಿ, ಬಿಡಲಿ, ಈ ಕಾಗದಗಳು ಸರಿಯಾದರೆ ಹಿರಿಯರು ಕಟ್ಟಿದ ಶಾಲೆ, ಚಿಕಿತ್ಸಾಲಯಗಳು ಮುಂದಿನ ತಲೆಮಾರಿನ ಕೈಗೆ ತಕರಾರಿಲ್ಲದೆ ಸೇರುತ್ತವೆ.